ಟಿಬಿ ಪರೀಕ್ಷೆಗೆ ಕಫದ ಬದಲು ಎಂಜಲು ಬರ್ತಿದೆ, ಏನು ಮಾಡೋದು?

ಪ್ರಶ್ನೆ: ಮೂಡಿಗೆರೆ ಕಡೆ ತೋಟದ ಲೈನ್ ಮನೆಗಳಿಂದ ಬರೋ ಡಬ್ಬಿಗಳಲ್ಲಿ ಸುಮಾರು ಬರೀ ಎಂಜಲೇ. ಆಶಾ ಕಾರ್ಯಕರ್ತೆಯರಿಗೆ ಏನಂತ ಹೇಳಿಕೊಡಬೇಕು?

ಉತ್ತರ 1: ಡಬ್ಬಿ ಕೊಟ್ಟು ಬಂದರೆ ಸಾಲದು, ಮಾಡಿ ತೋರಿಸಬೇಕು. ಬೆಳಗ್ಗೆ ಎದ್ದ ಕೂಡಲೇ, ಎಲೆಅಡಿಕೆಗೂ ಮುಂಚೆ, ಬರೀ ನೀರಲ್ಲಿ ಬಾಯಿ ಮುಕ್ಕಳಿಸಲಿ. ಮನೆಯಿಂದ ಹೊರಗೆ, ಬಯಲಲ್ಲಿ, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು ಎದೆಯಾಳದಿಂದ ಕೆಮ್ಮಲಿ. 2ರಿಂದ 5 ಎಂ.ಎಲ್. ಅಂಟಂಟು ಕಫ ಬೇಕು. ತೆಳ್ಳಗೆ ನೊರೆನೊರೆ ಇದ್ದರೆ ಎಂಜಲು, ಮತ್ತೆ ತೆಗೆಸಿ.

ಉತ್ತರ 2: ಹೆಸರು ಡಬ್ಬಿಯ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲೆ ಬೇಡವೇ ಬೇಡ. ಮುಚ್ಚಳ ಅದಲುಬದಲಾದರೆ ರೋಗಿಯೇ ಬದಲಾದ ಹಾಗೆ. ಲ್ಯಾಬ್‌ಗೆ ಕಳಿಸೋದು ತಡವಾದರೆ 2–8 ಡಿಗ್ರಿಯಲ್ಲಿಡಿ.

ಉತ್ತರ 3: ಪಾಸಿಟಿವ್ ಬಂದವರಿಗೆ ಮೊದಲ ದಿನವೇ ಹೇಳಿ: ಟಿಬಿ ಔಷಧಿ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ರಕ್ತ ಅಂದುಕೊಂಡು ಮಾತ್ರೆ ಬಿಟ್ಟುಬಿಡ್ತಾರೆ. ಕಾಫಿ ಕೊಯ್ಲು ಮುಗಿಸಿ ಊರಿಗೆ ಹೊರಟರೆ, ನಿಕ್ಷಯ್‌ನಲ್ಲಿ (ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆ ವ್ಯವಸ್ಥೆ) ಅವರ ದಾಖಲೆ ಅಲ್ಲಿಗೆ ವರ್ಗಾಯಿಸಿ.