ಅಪ್‌ಡೇಟ್: ಲಿನಕ್ಸ್ ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿ ಬಿಸಿಗೆ ಕಾರಣ ಸಿಕ್ಕಿತು
ದೊಡ್ಡ ಫೈಲ್ ಕಾಪಿ ಮಾಡುವಾಗ ಲ್ಯಾಪ್‌ಟಾಪ್ ಬಿಸಿಯಾಗಿ ನಿಧಾನವಾಗುತ್ತದೆ, ಡ್ರೈವ್ ಬಿಸಿ ತೋರಿಸುವ ಎಚ್‌ಡಿಡಿಟೆಂಪ್ ಟೂಲ್ ಏನೂ ತೋರಿಸುತ್ತಿಲ್ಲ, ಎಸ್‌ಎಸ್‌ಡಿ (ಫೈಲ್ ಉಳಿಸುವ ಡ್ರೈವ್) ಕೆಟ್ಟಿದೆಯಾ ಎಂದು ಕೇಳಿದ್ದೆ. ನನ್ನದು ಎನ್‌ವಿಎಂಇ ಡ್ರೈವ್, ಅಂದರೆ ಹೊಸ ಬಗೆಯ ವೇಗದ ಎಸ್‌ಎಸ್‌ಡಿ. ಆ ಹಳೆಯ ಟೂಲ್‌ಗೆ ಇಂಥ ಡ್ರೈವ್ ಗೊತ್ತೇ ಇಲ್ಲ. ನೀವು ಹೇಳಿದಂತೆ ಡ್ರೈವ್ ಆರೋಗ್ಯ ನೋಡುವ ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕಿ, ಸುಡೊ (ಅಡ್ಮಿನ್ ಅನುಮತಿ) ಕೊಟ್ಟು ಅದರ ಸ್ಮಾರ್ಟ್‌ಸಿಟಿಎಲ್ ಕಮಾಂಡ್ ಓಡಿಸಿದೆ. ತುಂಬಾ ಥ್ಯಾಂಕ್ಸ್.

ಸುಮ್ನೆ ಇದ್ದಾಗ 43 ಡಿಗ್ರಿ. ಕಾಪಿ ಶುರುವಾದ ಮೇಲೆ 78! ಬಿಸಿ ಜಾಸ್ತಿಯಾದರೆ ಡ್ರೈವ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ, ಅಲ್ವಾ? ಆಗಿದ್ದು ಅದೇ.

ನಿಜವಾಗಿ ಹೆದರಿಸಿದ್ದು 'ಪರ್ಸೆಂಟೇಜ್ ಯೂಸ್ಡ್ 4%' ಎಂಬ ಸಾಲು. ಆಯಸ್ಸು ಅಷ್ಟೇ ಉಳಿದಿದೆ ಅಂದುಕೊಂಡೆ. ಅದು ಉಳಿದದ್ದಲ್ಲ, ಸವೆದದ್ದು. ಬೇರೆಯವರೂ ತಪ್ಪಾಗಿ ಓದಬಹುದು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. 'ಅವೈಲಬಲ್ ಸ್ಪೇರ್' (ಕೆಟ್ಟ ಭಾಗಗಳ ಬದಲಿಗೆ ಇಟ್ಟ ಮೀಸಲು ಜಾಗ) 100%, ಮೀಡಿಯಾ ಎರರ್ (ಡೇಟಾ ದೋಷ) ಸೊನ್ನೆ. ಡ್ರೈವ್ ಚೆನ್ನಾಗಿಯೇ ಇದೆ.

ತೊಂದರೆ ಇದ್ದದ್ದು ಇಟ್ಟ ಜಾಗದಲ್ಲಿ. ಹಾಸಿಗೆ ಮೇಲಿಟ್ಟು ಕೆಲಸ ಮಾಡುತ್ತಿದ್ದೆ, ಕೆಳಗಿನ ಗಾಳಿಕಿಂಡಿ ಮುಚ್ಚಿಹೋಗಿತ್ತು. ಮೇಜಿನ ಮೇಲಿಟ್ಟು ಅದೇ ಫೈಲ್‌ಗಳನ್ನು ಮತ್ತೆ ಕಾಪಿ ಮಾಡಿದೆ. 61 ದಾಟಲಿಲ್ಲ, ವೇಗವೂ ಇಳಿಯಲಿಲ್ಲ.

ಬರೀ ಬಿಸಿ ನೋಡಲು ಈಗ 'ಸೆನ್ಸರ್ಸ್' ಕಮಾಂಡ್ ಬಳಸುತ್ತಿದ್ದೇನೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ 5.5ನೇ ಆವೃತ್ತಿಯಿಂದ ಎನ್‌ವಿಎಂಇ ಬಿಸಿಯೂ ಅಲ್ಲೇ ಕಾಣುತ್ತದೆ, ಸುಡೊ ಕೂಡ ಬೇಕಿಲ್ಲ.