ಐಸ್ ಬಾಕ್ಸು, ತಾಮ್ರದ ಕೊಳವೆ ಇಟ್ಕೊಂಡು ಮನೇಲಿ 9% ಟ್ರಿಪೆಲ್ ಮಾಡೋಕಾಗುತ್ತಾ?

ಕೆರೆದಂಡೆ | ಐಂಡ್‌ಹೋವನ್

ಎಲ್ರಿಗೂ ನಮಸ್ಕಾರ. ಹೊರದೇಶದಲ್ಲಿದ್ದು ಮನೇಲಿ ಬಿಯರ್ ಬ್ರೂ ಮಾಡೋ ನಮ್ಮವ್ರು ಒಂದಷ್ಟು ಜನ ಇಲ್ಲಿದೀರ ಅಂತ ಗೊತ್ತು, ಅದಕ್ಕೇ ಕೇಳ್ತಿದೀನಿ. ಇಷ್ಟು ದಿನ ನಾನು ಮಾಡಿದ್ದೆಲ್ಲ 5% ಆಸುಪಾಸಿನ ಸಾದಾ ಏಲ್, ಚೆನ್ನಾಗೇ ಬಂದಿವೆ. ಈಗ ಟ್ರಿಪೆಲ್‌ಗೆ, ಅಂದ್ರೆ ಬೆಲ್ಜಿಯಂನ ಆ ತಿಳಿ ಬಣ್ಣದ ಸ್ಟ್ರಾಂಗ್ ಏಲ್‌ಗೆ, ಕೈ ಹಾಕೋಣ ಅಂತ. ಇಲ್ಲಿ ನೆದರ್‌ಲ್ಯಾಂಡ್ಸಿಂದ ಗಡಿ ದಾಟಿದ್ರೆ ಬೆಲ್ಜಿಯಂನ ವೆಸ್ಟ್‌ಮಾಲ್ (ಬಿಯರ್ ಮಾಡೋ ಸನ್ಯಾಸಿಗಳ ಮಠ ಇರೋ ಊರು) ಕಾರಲ್ಲಿ ಒಂದು ಗಂಟೆ ದಾರಿ, ಮಠದ ಎದುರಿನ ಕೆಫೆಲಿ ಕೂತು ಅವ್ರ ಟ್ರಿಪೆಲ್ ಕುಡಿದಾಗೆಲ್ಲ 9.5% ಇದ್ರೂ ನಾಲಿಗೆ ಮೇಲೆ ಇಷ್ಟು ಹಗುರ ಹೇಗಿದೆ, ಸಿಹಿ ಕಟ್ಟೋದೇ ಇಲ್ವಲ್ಲ ಅನ್ನೋದೇ ತಲೇಲಿ ಓಡುತ್ತೆ.

ಸಾಮಾನೆಲ್ಲ ನಾನೇ ಮಾಡ್ಕೊಂಡಿರೋದು. 32 ಲೀಟರಿನ ಪಿಕ್ನಿಕ್ ಐಸ್ ಬಾಕ್ಸು, ಅದರ ತಳದಲ್ಲಿ ಪ್ಲಂಬಿಂಗ್ ಅಂಗಡಿಲಿ ಸಿಗೋ ಸ್ಟೀಲ್ ಹೆಣಿಗೆ ಪೈಪು (ಒಳಗಿನ ರಬ್ಬರ್ ಟ್ಯೂಬ್ ಎಳೆದು ಹಾಕಿ ಬರೀ ಜಾಲರಿ ಇಟ್ಕೊಂಡಿದೀನಿ), 36 ಲೀಟರ್ ಸ್ಟೀಲ್ ಪಾತ್ರೆ, ಗ್ಯಾಸ್ ಬರ್ನರ್, ಕುದಿಸಿದ್ದನ್ನ ತಣ್ಣಗಾಗಿಸೋಕೆ 12 ಮೀಟರ್ ತಾಮ್ರದ ಕೊಳವೆ ಸುತ್ತಿ ಮಾಡಿದ ಕಾಯಿಲ್, 30 ಲೀಟರಿನ ಫುಡ್ ಗ್ರೇಡ್ ಬಕೆಟ್.

ಅಳತೆ ಹೀಗೆ ಅನ್ಕೊಂಡಿದೀನಿ: 20 ಲೀಟರ್ ಬಿಯರಿಗೆ 6 ಕೆಜಿ ಪಿಲ್ಸ್‌ನರ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), 1 ಕೆಜಿ ಸಕ್ಕರೆ, ಓಜಿ (ಹುದುಗೋ ಮುಂಚಿನ ಸಾಂದ್ರತೆ, ನೀರಿಗೆ 1.000) 1.080, ಹಾಪ್ಸ್ (ಕಹಿ ಕೊಡೋ ಹೂವು) ಸಾಜ್ ಮತ್ತೆ ಸ್ಟಿರಿಯನ್ ಗೋಲ್ಡಿಂಗ್, ಐಬಿಯು (ಕಹಿಯ ಅಳತೆ) 30 ಹತ್ರ. ಈ ಬಾಕ್ಸ್ 6 ಕೆಜಿ ತಡ್ಕೊಳುತ್ತಾ? ಬ್ರೂಯಿಂಗ್ ಅಂಗಡಿಲಿ ಕ್ಯಾಂಡಿ ಶುಗರ್ ಅಂತ ದುಬಾರಿ ಕಲ್ಲುಸಕ್ಕರೆ ಮಾರ್ತಾರಲ್ಲ ಅದೇ ಬೇಕಾ, ಬೆಲ್ಲ ಹಾಕಿದ್ರೆ ನಡೆಯುತ್ತಾ? ಇನ್ನೊಂದು, ಸ್ವಲ್ಪ ದುಡ್ಡು ಕೂಡಿಟ್ಟಿದೀನಿ, ಸ್ಟೀಲ್ ಕಾನಿಕಲ್ ಫರ್ಮೆಂಟರ್ (ಬಿಯರ್ ಹುದುಗಿಸೋ, ತಳ ಶಂಕುವಿನ ಹಾಗಿರೋ ಪಾತ್ರೆ) ತಗೊಳ್ಳೋದು ಒಳ್ಳೇದಾ? ಗ್ಯಾರೇಜಲ್ಲಿ ಈಗ 9-10 ಡಿಗ್ರಿ ಇದೆ.


ಆಲೆಮನೆ ಹುಡ್ಗ | ಮಂಡ್ಯ, ಈಗ ಮಿಶಿಗನ್

ಧಾರಾಳವಾಗಿ ಆಯ್ತದೆ ಬ್ರದರ್. 6 ಕೆಜಿ ಕಾಳಿಗೆ ಕೆಜಿಗೆ 3 ಲೀಟರ್ ಲೆಕ್ಕದಲ್ಲಿ 18 ಲೀಟರ್ ನೀರು, ಕಾಳು ತಾನೇ ಒಂದು 4 ಲೀಟರ್ ಜಾಗ ತಿಂತದೆ, ಒಟ್ಟು 22, ನಿನ್ ಬಾಕ್ಸಲ್ಲಿ ಇನ್ನೂ ಜಾಗ ಉಳೀತದೆ. ಟ್ರಿಪೆಲ್ ಹಗುರ ಇರ್ಬೇಕು ಅಂದ್ರೆ ಮ್ಯಾಶ್ (ಬಿಸಿನೀರಲ್ಲಿ ಮಾಲ್ಟ್ ನೆನೆಸೋದು) 64 ಡಿಗ್ರಿ ದಾಟಿಸ್ಬೇಡ, 90 ನಿಮಿಷ ಬಿಡು. ಐಸ್ ಬಾಕ್ಸ್ ತಣ್ಣಗಿದ್ರೆ ಅದೇ ಮೂರ್ನಾಲ್ಕು ಡಿಗ್ರಿ ಎಳ್ಕೊಂಡ್ಬಿಡ್ತದೆ, ಅದಕ್ಕೆ ಮೊದ್ಲು ಕುದಿಯೋ ನೀರು ಒಂದು ನಾಲ್ಕು ಲೀಟರ್ ಹಾಕಿ ಮುಚ್ಚಿಟ್ಟು ಚೆಲ್ಲು, ಆಮೇಲೆ 71 ಡಿಗ್ರಿ ನೀರಿಗೆ ಕಾಳು ಸುರಿದು ಗಂಟಿಲ್ದಂಗೆ ತಿರುವು.

ಆ ಸಿಹಿ ನೀರು ಮೊದ್ಲು ಇಳಿಸ್ಕೊಂಡ್ರೆ 12 ಲೀಟರ್ ಬರ್ತದೆ, ಉಳಿದ 6 ಕಾಳೇ ಹೀರ್ಕೊಂಡಿರ್ತದೆ. ಮತ್ತೆ 14 ಲೀಟರ್ ಬಿಸಿನೀರು ಹಾಕಿ ಎರಡನೇ ಸಲ ಇಳಿಸು, 26 ಆಯ್ತು. ಪೂರ್ತಿ 90 ನಿಮಿಷ ಮುಚ್ಚಳ ತೆಗೆದೇ ಕುದಿಸು, ಪಿಲ್ಸ್‌ನರ್ ಮಾಲ್ಟಲ್ಲಿ ಡಿಎಂಎಸ್ ಅಂತ ಒಂದು ಬೇಯಿಸಿದ ಜೋಳದ ವಾಸ್ನೆ ಇರ್ತದೆ, ಅದು ಆವೀಲೇ ಹೋಗ್ಬೇಕು. ಕಾಯಿಲನ್ನ ಕೊನೆ 15 ನಿಮಿಷ ಕುದಿಯೋದ್ರಲ್ಲೇ ಮುಳುಗ್ಸಿಡು, ಬೇರೆ ಸ್ಯಾನಿಟೈಸ್ ಬೇಕಿಲ್ಲ. ಜಾಯಿಂಟ್ ಎಲ್ಲಾದ್ರೂ ಬೆಸುಗೆ ಹಾಕಿದ್ರೆ ಸೀಸ ಇಲ್ದಿರೋ ಬೆಸುಗೆನೇ ಆಗಿರ್ಬೇಕು, ಇದನ್ನ ಮಾತ್ರ ಖಂಡಿತ ನೋಡ್ಕೊ.

ಬೆಲ್ಲದ ವಿಷ್ಯಕ್ಕೆ ಬಂದ್ರೆ, ನಮ್ಮನೇದೇ ಆಲೆಮನೆ ಇತ್ತು, ಬೆಲ್ಲದ ಮೇಲೆ ನಂಗಿರೋ ಪ್ರೀತಿ ಯಾರಿಗೂ ಇರಲ್ಲ, ಆದ್ರೂ ಟ್ರಿಪೆಲ್‌ಗೆ ಬೇಡ ಅಂತೀನಿ. ಬೆಲ್ಲದಲ್ಲಿ ಖನಿಜ, ಕಾಕಂಬಿ ರುಚಿ ಎಲ್ಲ ಇರ್ತದೆ, ಟ್ರಿಪೆಲ್ಲಿನ ಆ ತಿಳಿ ಚಿನ್ನದ ಬಣ್ಣನೂ ಹೋಯ್ತದೆ. ಬಿಳಿ ಕ್ಯಾಂಡಿ ಶುಗರ್ ಅಂದ್ರೆ ನಮ್ಮ ಕಲ್ಲುಸಕ್ಕರೆನೇ, ಅಂದ್ರೆ ಅಡುಗೆಮನೆ ಸಕ್ಕರೆನೇ ಹರಳುಗಟ್ಟಿರೋದು. ಸಾದಾ ಸಕ್ಕರೆ ಹಾಕು, ಅದನ್ನ ಒಡೆಯೋ ಎಂಜೈಮ್ ಯೀಸ್ಟಲ್ಲೇ ಇದೆ, ದುಡ್ಡು ಉಳಿಸು. ಮುಂದೆ ಬೆಲ್ಜಿಯಂನ ರೋಶ್‌ಫೋರ್ 10 ತರದ್ದು, 11.3% ಇರೋ ಕಪ್ಪು ಬಿಯರ್ ಮಾಡೋ ದಿನ ಬಂದ್ರೆ ಆವಾಗ ಕಪ್ಪು ಬೆಲ್ಲ 250 ಗ್ರಾಂ ಹಾಕಿ ನೋಡು, ಆ ಒಣದ್ರಾಕ್ಷಿ ಅಂಜೂರದ ರುಚಿ ಜೊತೆ ಸೊಗಸಾಗಿ ಕೂರ್ತದೆ. ಹಳದಿಯಾಗಿ ಮಿರಿಮಿರಿ ಮಿಂಚೋ ಬೆಲ್ಲ ಬೇಡ, ಅದಕ್ಕೆ ಬಣ್ಣ ಬರ್ಲಿ ಅಂತ ಹೈಡ್ರೋಸ್ ಅನ್ನೋ ಬಿಳುಪು ಮಾಡೋ ರಾಸಾಯನಿಕ ಹಾಕಿರ್ತಾರೆ.


ಸಪ್ತಾಪುರದಾಕಿ | ಧಾರವಾಡ, ಈಗ ಗೆಂಟ್

ಆಲೆಮನೆಯವರು ಹೇಳಿದ್ದೆಲ್ಲಾ ಖರೇ ಐತ್ರಿ, ಆದ್ರ ಕಾನಿಕಲ್ ಬಗ್ಗೆ ಯಾರೂ ಹೇಳ್ಲಿಲ್ಲ. ತಗೋಬ್ಯಾಡ್ರಿ. ಬಕೆಟ್ಟಿನ್ಯಾಗ ಟ್ರಿಪೆಲ್ ಭಾಳ ಚಲೋ ಆಗ್ತೈತಿ. ಬೆಲ್ಜಿಯಂ ಬಿಯರಿನ ಆ ಬಾಳೆಹಣ್ಣು, ಪೇರಲ, ಲವಂಗದ ವಾಸನಿ ಎಲ್ಲಾ ಹುಟ್ಟೂದು ಯೀಸ್ಟಿನಿಂದ, ಅದಕ್ಕ ನಿಮ್ಮ ರೊಕ್ಕ, ನಿಮ್ಮ ತಲಿ ಎರಡೂ ಯೀಸ್ಟ್ ಮತ್ತ ಟೆಂಪರೇಚರ್ ಮ್ಯಾಲ ಹಾಕ್ರಿ. ಪಾತ್ರಿ ಪಗಡಿ ಎಂಥದ್ದಿದ್ರೂ ನಡೀತೈತಿ, ಯೀಸ್ಟ್ ಸೊರಗಿದ್ರ ಮಾತ್ರ ಸಾಂದ್ರತೆ 1.030ಕ್ಕ ಬಂದು ನಿಂತುಬಿಡ್ತೈತಿ, ಕುಡಿದ್ರ ಪಾಕ ಕುಡಿದಂಗ ಇರ್ತೈತಿ.

ಮೊದಲನೇದು, ಎಷ್ಟು ಯೀಸ್ಟ್. 1.080ರ 20 ಲೀಟರಿಗೆ ಹತ್ತಿರ ಹತ್ತಿರ 300 ಬಿಲಿಯನ್ ಕೋಶ ಬೇಕು. ಲಿಕ್ವಿಡ್ ಪ್ಯಾಕೆಟ್ಟಿನ್ಯಾಗ ಇರೂದು ಸುಮಾರು 100. ವೆಸ್ಟ್‌ಮಾಲ್ ತಳಿ ಬೇಕಂದ್ರ ವೈಯೀಸ್ಟ್ 3787, ಇಲ್ಲಾಂದ್ರ ಡಬ್ಲ್ಯುಎಲ್‌ಪಿ 530 ತರ್ರಿ. ವೆಸ್ಟ್‌ಫ್ಲೆಟೆರೆನ್ ಮಠದವರೂ ವೆಸ್ಟ್‌ಮಾಲ್ ಯೀಸ್ಟೇ ಬಳಸ್ತಾರ, ಅಷ್ಟು ಗಟ್ಟಿ ತಳಿ ಅದು. ಎರಡೂವರೆ ಲೀಟರ್ ಸ್ಟಾರ್ಟರ್ (ಯೀಸ್ಟ್ ಬೆಳಸಾಕ ಮಾಡೂ ಸಣ್ಣ ಕುದಿತ) ಮಾಡ್ರಿ, ಲೀಟರಿಗೆ 100 ಗ್ರಾಂ ಒಣ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ ಕುದಿಸಿ ಆರಿಸಿ ಯೀಸ್ಟ್ ಹಾಕೂದು. ನಿಮಗ ಕೈಲೆ ಮಾಡೂದು ಇಷ್ಟ ಐತಿ ಅಂದ್ರ ಸ್ಟಾರ್ಟರ್ ತಿರುವೂ ಸ್ಟರ್ ಪ್ಲೇಟೂ ಮನ್ಯಾಗ ಆಗ್ತೈತಿ, ಹಳೆ ಕಂಪ್ಯೂಟರ್ ಫ್ಯಾನಿನ ನಡುಮಧ್ಯ ಕೆಟ್ಟ ಹಾರ್ಡ್‌ಡಿಸ್ಕಿನ ಮ್ಯಾಗ್ನೆಟ್ ಅಂಟಿಸಿ, ಡಬ್ಬಿಯೊಳಗ ಕೂಡಿಸಿ, ಹಳೆ ಫೋನ್ ಚಾರ್ಜರಿಂದ ಕರೆಂಟ್ ಕೊಟ್ರ ಮುಗೀತು. ಇದಕ್ಕಿಂತ ಸಸಾರ ಇನ್ನೊಂದು ದಾರಿ ಐತಿ, ನನಗ ಅದೇ ಭಾಳ ಸೇರ್ತೈತಿ: ಮೊದಲ ಅದೇ ಯೀಸ್ಟಿನಿಂದ 5%ದ ಸಣ್ಣ ಬಿಯರ್ ಮಾಡ್ರಿ, ಅದು ಮುಗಿದ ಮ್ಯಾಲ ತಳದಾಗಿನ ಗಸಿ ತಗದು ಟ್ರಿಪೆಲ್‌ಗೆ ಹಾಕ್ರಿ. ಎರಡು ಬಿಯರ್ ಸಿಕ್ಕಂಗಾತು.

ಎರಡನೇದು ಟೆಂಪರೇಚರ್. 18 ಡಿಗ್ರಿಗೆ ಯೀಸ್ಟ್ ಹಾಕ್ರಿ, ಎರಡು ದಿನ ಅಲ್ಲೇ ಹಿಡೀರಿ, ಆಮ್ಯಾಲ ದಿನಕ್ಕ ಒಂದೊಂದು ಡಿಗ್ರಿ ಏರಿಸ್ಕೋತ 23ಕ್ಕ ತರ್ರಿ, ಮುಗಿಯೂ ತನಕ ಇಳಿಸಬ್ಯಾಡ್ರಿ. ಶುರುವಿನ್ಯಾಗ ಬಿಸಿ ಆದ್ರ ಫ್ಯೂಸೆಲ್ ಅನ್ನೂ ಖಾರ ಆಲ್ಕೋಹಾಲ್ ಹುಟ್ತಾವು, ಗಂಟಲು ಸುಡ್ತೈತಿ. ನಡುವ ತಣ್ಣಗಾದ್ರ ಯೀಸ್ಟ್ ಮಲಗಿಬಿಡ್ತೈತಿ. ನಿಮ್ಮ ಗ್ಯಾರೇಜ್ 10 ಡಿಗ್ರಿ ಇರೂದು ಪುಣ್ಯ ಅಂತ ತಿಳ್ಕೊರ್ರಿ, ಫ್ರಿಜ್ ಬೇಕಾಗೂದಿಲ್ಲ. ದೊಡ್ಡ ಪ್ಲಾಸ್ಟಿಕ್ ಟಬ್ಬಿನ್ಯಾಗ ನೀರು ಹಾಕಿ, ಅದರೊಳಗ ಬಕೆಟ್ ಇಟ್ಟು, ಮೀನಿನ ಅಕ್ವೇರಿಯಂ ಹೀಟರ್ ನೀರಿಗೆ ಬಿಡ್ರಿ. ಹೀಟರಿನ ಮ್ಯಾಲೇ ಡಿಗ್ರಿ ತಿರುವೂ ಗುಂಡಿ ಇರ್ತೈತಿ.

ಸಕ್ಕರಿ ಮೊದಲೇ ಹಾಕಬ್ಯಾಡ್ರಿ. ಮೂರನೇ ದಿನ, ನೊರಿ ಸ್ವಲ್ಪ ಇಳಿಯಾಕ ಹತ್ತಿದಾಗ ನೀರಿನ್ಯಾಗ ಕುದಿಸಿ ಆರಿಸಿ ಹಾಕ್ರಿ. ಸಕ್ಕರಿ ಮೊದಲೇ ಸಿಕ್ರ ಯೀಸ್ಟ್ ಮಾಲ್ಟಿನ ಸಕ್ಕರಿ ಕಡೆ ತಡಾ ಮಾಡಿ ಹೊಳ್ಳತೈತಿ. ಏರ್‌ಲಾಕ್ (ಗ್ಯಾಸ್ ಹೊರಗ ಬಿಟ್ಟು ಗಾಳಿ ಒಳಗ ಬಿಡದ ಸಣ್ಣ ಬೂಚು) ಬದಲಿ ದಪ್ಪ ಟ್ಯೂಬ್ ಹಾಕಿ ಇನ್ನೊಂದು ತುದಿ ನೀರಿನ ಬಾಟ್ಲಿಗೆ ಬಿಡ್ರಿ, ಈ ಯೀಸ್ಟಿನ ನೊರಿ ಮುಚ್ಚಳದ ತನಕ ಏರ್ತೈತಿ.


ಬಸವನಗುಡಿ ಬೆಂಚು | ಬೆಂಗಳೂರು

ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ, ಓದ್ತಾ ಓದ್ತಾ ಆಸೆ ಆಗೋಯ್ತು, ಇದನ್ನ ಇಲ್ಲಿ ನಮ್ಮನೆ ಟೆರೇಸಲ್ಲಿ ಮಾಡ್ಬಹುದಾ? ಮಾಲ್ಟು ಯೀಸ್ಟು ಎಲ್ಲ ಆನ್‌ಲೈನಲ್ಲಿ ಸಿಗುತ್ತಲ್ಲ.


ಆಲೆಮನೆ ಹುಡ್ಗ | ಮಂಡ್ಯ, ಈಗ ಮಿಶಿಗನ್

ಬೇಡ ಸರ್, ದಯವಿಟ್ಟು ಮಾಡ್ಬೇಡಿ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ದೆ ಮದ್ಯ ತಯಾರಿಸೋ ಹಾಗಿಲ್ಲ, ಬಿಯರೂ ಅದ್ರಲ್ಲೇ ಬರ್ತದೆ, ಸ್ವಂತಕ್ಕೆ ಅಂದ್ರೂ ಕೇಳಲ್ಲ. ಇಲ್ಲಿ ಅಮೆರಿಕದಲ್ಲೂ ಮನೇಲಿ ಬಿಯರ್ ಮಾಡೋಕೆ ಫೆಡರಲ್ ಕಾನೂನು ಒಪ್ಕೊಂಡಿದ್ದು 1978ರಲ್ಲಿ, ಕಾರ್ಟರ್ ಅಧ್ಯಕ್ಷರಾಗಿದ್ದಾಗ. ಬೆಂಗಳೂರಲ್ಲಿ ಮೈಕ್ರೋಬ್ರೂವರಿಗಳು ಬೇಕಾದಷ್ಟಿವೆ, ಬಿಡುವಿರೋ ಟೈಮಲ್ಲಿ ಹೋಗಿ ಬ್ರೂವರನ್ನ ಮಾತಾಡಿಸಿ, ಆಸಕ್ತಿ ಇರೋರು ಬಂದ್ರೆ ಖುಷಿಯಾಗಿ ತೋರಿಸ್ತಾರೆ.


ಕೆರೆದಂಡೆ | ಐಂಡ್‌ಹೋವನ್

ಇಬ್ರಿಗೂ ತುಂಬಾ ಥ್ಯಾಂಕ್ಸ್. ಕಾನಿಕಲ್ ಬಿಟ್ಟೆ, ಅಕ್ವೇರಿಯಂ ಹೀಟರ್ ಆರ್ಡರ್ ಮಾಡಿದೆ. ಅಕ್ಕ, ನೀವು ಹೇಳಿದ ಹಾಗೆ ಮೊದ್ಲು ಸಣ್ಣ ಬಿಯರ್ ಮಾಡಿ ಆ ಗಸಿನೇ ಹಾಕ್ತೀನಿ. ಒಂದೇ ಉಳಿದಿರೋದು, ಬಾಟ್ಲಿ. ಟ್ರಿಪೆಲ್‌ಗೆ ಗ್ಯಾಸ್ ಜಾಸ್ತಿ ಬೇಕಲ್ವಾ, ಮಾಮೂಲಿ ಬಾಟ್ಲಿ ತಡೆಯುತ್ತಾ, ಸಕ್ಕರೆ ಎಷ್ಟು ಹಾಕ್ಲಿ?


ಸಪ್ತಾಪುರದಾಕಿ | ಧಾರವಾಡ, ಈಗ ಗೆಂಟ್

ತೆಳು ಬಾಟ್ಲಿ, ತಿರುಪಿನ ಮುಚ್ಚಳದ ಬಾಟ್ಲಿ ಎರಡೂ ಬ್ಯಾಡ್ರಿ, ಒಡದ್ರ ಕಣ್ಣಿಗೆ ಅಪಾಯ. ಡೂವೆಲ್, ವೆಸ್ಟ್‌ಮಾಲ್ ಬಾಟ್ಲಿ ಕೈಯಾಗ ಹಿಡಿದ್ರೇ ತಿಳೀತೈತಿ, ಎಷ್ಟು ದಪ್ಪ ಗಾಜು ಅಂತ, ಕುಡಿದವು ತೊಳೆದು ಕೂಡಿಸ್ಕೋತ ಹೋಗ್ರಿ. ಮುಚ್ಚಳ ಸಾದಾ 26 ಎಂಎಂದೇ ಹಿಡೀತೈತಿ.

ತುಂಬೂ ಮುಂಚೆ ಹೈಡ್ರೋಮೀಟರ್ (ಸಾಂದ್ರತೆ ಅಳಿಯೂ ಕೊಳವಿ) ಮೂರು ದಿನ ಒಂದೇ ತೋರಿಸ್ಬೇಕು, 1.010 ಇಲ್ಲಾ 1.012. ಹಂಗ ಬಂದ್ರ ನಿಮ್ಮ ಬಿಯರ್ 9% ಆತು. 3 ವಾಲ್ಯೂಮ್ ಗ್ಯಾಸಿಗೆ (ಬಿಯರಿನ ಮೂರು ಪಟ್ಟು ಗ್ಯಾಸ್) ಲೀಟರಿಗೆ 8 ಗ್ರಾಂ ಸಕ್ಕರಿ, ಅಂದಾಜು ಬ್ಯಾಡ, ತೂಕ ಮಾಡ್ರಿ, 18 ಲೀಟರ್ ಉಳಿದಿದ್ರ 144 ಗ್ರಾಂ. ಕುದಿಸಿದ ನೀರಿನ್ಯಾಗ ಕರಗಿಸಿ ಬಕೆಟ್ಟಿನ ತಳಕ್ಕ ಹಾಕಿ ಅದರ ಮ್ಯಾಲ ಬಿಯರ್ ಇಳಿಸ್ರಿ. ತಿಂಗಳಾನುಗಟ್ಟಲೆ ತಣ್ಣಗಿಟ್ಟು ಆಮ್ಯಾಲ ತುಂಬ್ತೀರಿ ಅಂದ್ರ ಒಣ ಯೀಸ್ಟ್ 2 ಗ್ರಾಂ ಹೊಸದಾಗಿ ಸೇರಿಸ್ರಿ, 9% ಆಲ್ಕೋಹಾಲಿನ್ಯಾಗ ಹಳೆ ಯೀಸ್ಟಿಗೆ ದಮ್ಮು ಉಳಿದಿರೂದಿಲ್ಲ. ಬಾಟ್ಲಿ ಗ್ಯಾರೇಜಿನ್ಯಾಗ ಇಡಬ್ಯಾಡ್ರಿ, ಮನಿಯೊಳಗ 22-23 ಡಿಗ್ರಿಗೆ ಮೂರು ವಾರ, ಮುಚ್ಚಿದ ಪೆಟ್ಟಿಗ್ಯಾಗ. ಒಂದು ತಗದು ನೋಡ್ರಿ, ಗ್ಯಾಸ್ ಬಂದಿದ್ರ ಉಳಿದವು ಗ್ಯಾರೇಜಿಗೆ ಹೋಗ್ಲಿ. ಸಣ್ಣ ಬಿಯರ್ ಕುದಿಸೂದು ಯಾವಾಗ ಅಂತ ಇಲ್ಲೇ ಬರೀರಿ, ಗಸಿ ಎಷ್ಟು ತಗೋಬೇಕು, ಎಷ್ಟು ದಿನದೊಳಗ ಹಾಕ್ಬೇಕು ಅನ್ನೂದು ಆವಾಗ ಹೇಳ್ತೀನಿ.