ಅಪ್‌ಡೇಟ್: ಕೇಳಿದ್ದು ಸಮುದ್ರದ ಗುಹೆ, ಹೋಗಿದ್ದು ಬೀದರ್‌ಗೆ

ಕಲಬುರಗಿಯಿಂದ ಒಂದೇ ದಿನದಲ್ಲಿ ಸಮುದ್ರದ ಗುಹೆ ನೋಡಿ ಬರಬಹುದಾ ಅಂತ ಹೋದ ವಾರ ಕೇಳಿದ್ದೆನಲ್ಲ? ಆಗಲ್ಲ. ಕೆಲವರು ರಾತ್ರಿ ಬಸ್ಸಲ್ಲಿ ಗೋಕರ್ಣದ ಕಡೆ ಹೋಗಿ ಅಂದಿದ್ದರು. ಬರೋದು ಹೋಗೋದರಲ್ಲೇ ಎರಡು ರಾತ್ರಿ ಮುಗಿಯುತ್ತೆ, ಮೇಲೆ ಅಲೆ ಇಳಿಯೋ ಹೊತ್ತಿಗೂ ಕಾಯಬೇಕು. ಬಿಟ್ಟೆ.

‘ನೀರಿನ ಗುಹೆ ತಾನೇ, ಬೀದರ್‌ನ ಝರಣಿ ನರಸಿಂಹ ಗುಹಾ ದೇವಸ್ಥಾನಕ್ಕೆ ಹೋಗಿ’ ಅಂದವರಿಗೆ ನಮಸ್ಕಾರ. ಬೆಳಗ್ಗೆ ರೈಲು, ಸುಮಾರು 110 ಕಿ.ಮೀ. ದೇವರ ಹತ್ತಿರ ಹೋಗೋ ನೀರು ತುಂಬಿದ ಸುರಂಗ ಹತ್ತಿರಹತ್ತಿರ 300 ಮೀಟರ್. ನನಗೇ ಎದೆಮಟ್ಟ ನೀರು, ಮಗಳು ಹೆಗಲ ಮೇಲೆ. ಅವಳ ತಲೆಗೆ ತಾಗುವಷ್ಟು ಹತ್ತಿರ ಬಾವಲಿಗಳ ಕಿಚಿಕಿಚಿ! ಅವಳಿಗೆ ಖುಷಿ, ನನಗೆ ಭಯ.

ಫೋನಿಗೆ ಪ್ಲಾಸ್ಟಿಕ್ ಚೀಲ ಸಾಕು ಅನ್ನೋ ಸಲಹೆ ಮಾತ್ರ ಕೈಕೊಟ್ಟಿತು, ಫೋನ್ ಇನ್ನೂ ಅಕ್ಕಿ ಡಬ್ಬದಲ್ಲಿದೆ. ಗುಹೆ ಕೆಲವೊಮ್ಮೆ ಮುಚ್ಚಿರುತ್ತೆ, ಕೇಳಿಕೊಂಡೇ ಹೊರಡಿ. ಬೇರೆ ಬಟ್ಟೆಯೂ ಇರಲಿ. ನಾನು ಒದ್ದೆ ಪ್ಯಾಂಟಲ್ಲೇ ರೈಲು ಹತ್ತಿದೆ.